ಗಂಗೆಯ ಟೇಲ್ ಎಂಡ್‌ನಲ್ಲಿ ಒಂದು ಹಕ್ಕಿ: ದೇವೇಗೌಡರು ಸಹಿ ಹಾಕಿದ ಒಪ್ಪಂದ ಮುಗಿಯುವಾಗ ಸಿಂಧನೂರು ಯಾಕೆ ಮಾತಾಡಬೇಕು?

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಇಬ್ಬರು ಪ್ರಧಾನಿಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶದ ಪರವಾಗಿ ಶೇಖ್ ಹಸೀನಾ, ಭಾರತದ ಪರವಾಗಿ ನಮ್ಮ ಹಾಸನದ ಎಚ್.ಡಿ. ದೇವೇಗೌಡ. ಫರಕ್ಕಾ ಬ್ಯಾರೇಜಿನಲ್ಲಿ ಗಂಗೆಯ ಬೇಸಿಗೆ ನೀರನ್ನು ಎರಡು ದೇಶಗಳು ಹೇಗೆ ಹಂಚಿಕೊಳ್ಳಬೇಕು ಅನ್ನೋದು ಅದರ ವಿಷಯ. ಅವಧಿ 30 ವರ್ಷ. ಅಂದರೆ 2026ರ ಡಿಸೆಂಬರ್‌ಗೆ ಮುಗಿಯುತ್ತೆ.

ಈ ನವೀಕರಣದ ಬಗ್ಗೆ ಟಿವಿಯಲ್ಲಿ, ಪತ್ರಿಕೆಯಲ್ಲಿ ಬರುವ ಚರ್ಚೆ ಬಹುತೇಕ ಒಂದೇ ಥರ ಇದೆ. ದೆಹಲಿ ಏನು ಕೊಡುತ್ತೆ, ಢಾಕಾ ಏನು ಕೇಳುತ್ತೆ, ಕೋಲ್ಕತ್ತಾ ಯಾಕೆ ಮುನಿಸಿಕೊಂಡಿದೆ. ನದಿ ಕೊನೆಗೆ ಹೋಗಿ ಸೇರುವ ಜಾಗ ಮಾತ್ರ ಈ ಚರ್ಚೆಯಲ್ಲಿ ಎಲ್ಲೂ ಇಲ್ಲ. ಆ ಜಾಗದ ಹೆಸರು ಸುಂದರಬನ. ಅಲ್ಲಿ, ದಿನಕ್ಕೆರಡು ಬಾರಿ ಉಬ್ಬರದ ನೀರು ನುಗ್ಗುವ ಕಾಡಿನ ಸಣ್ಣ ಸಣ್ಣ ತೊರೆಗಳಲ್ಲಿ, ಒಂದು ಹಕ್ಕಿ ಸದ್ದಿಲ್ಲದೆ ಮುಗಿದುಹೋಗ್ತಾ ಇದೆ.

ಇದಕ್ಕೂ ರಾಯಚೂರು ಜಿಲ್ಲೆಗೂ ಏನು ಸಂಬಂಧ? ಎರಡು ಸಂಬಂಧ ಇದೆ. ಗಂಗೆಯ ಆ ಮುಖಜ ಭೂಮಿಯಿಂದ ಬಂದ ಜನ ಅರ್ಧ ಶತಮಾನದಿಂದ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಬದುಕುತ್ತಿದ್ದಾರೆ. ಜೊತೆಗೆ, ಕಾಲುವೆಯ ಕೊನೆಯಲ್ಲಿರುವವನಿಗೆ ನೀರು ಯಾಕೆ ತಲುಪಲ್ಲ ಅನ್ನೋದನ್ನ ಈ ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಯಾವುದೀ ಹಕ್ಕಿ?

ಇಂಗ್ಲಿಷಿನಲ್ಲಿ ಇದನ್ನು ಮಾಸ್ಕ್ಡ್ ಫಿನ್‌ಫೂಟ್ ಅಂತಾರೆ. ಬಂಗಾಳಿಯಲ್ಲಿ ಕಾಲಾಮುಖ್ ಪ್ಯಾರಾಪಾಖಿ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ, ಯಾಕಂದ್ರೆ ಇದು ನಮ್ಮ ಕೆರೆಗಳಿಗೆ ಬರೋ ಹಕ್ಕಿಯೇ ಅಲ್ಲ. ನೋಡೋಕೆ ಬಾತುಕೋಳಿ ಥರ, ಉದ್ದ ಸುಮಾರು ಅರ್ಧ ಮೀಟರ್. ಹಳದಿ ಕೊಕ್ಕು, ಹಸಿರು ಕಾಲು, ಕಂದು ಮೈ. ಮುಖದ ಮೇಲೆ ಮುಖವಾಡ ಕಟ್ಟಿದ ಹಾಗೆ ಕಪ್ಪು ಬಣ್ಣ. ಗಂಡಿಗೆ ಗಂಟಲೂ ಕಪ್ಪು, ಹೆಣ್ಣಿಗೆ ಬಿಳಿ. ಬಾತುಕೋಳಿಯ ಹಾಗೆ ಬೆರಳುಗಳ ನಡುವೆ ಪೂರ್ತಿ ಜಾಲಪಾದ ಇರಲ್ಲ, ಒಂದೊಂದು ಬೆರಳಿಗೂ ಪ್ರತ್ಯೇಕ ಅಗಲ ಪಟ್ಟಿ ಇರುತ್ತೆ. ಹಾಗಾಗಿ ಇದು ಈಜುವಷ್ಟೇ ಚೆನ್ನಾಗಿ ಕೆಸರಿನ ಮೇಲೆ ಓಡಬಲ್ಲದು. ಏಡಿ, ಸೀಗಡಿ, ಸಣ್ಣ ಮೀನು ಇದರ ಊಟ. ಇಡೀ ಜಗತ್ತಿನಲ್ಲಿ ಈ ಕುಟುಂಬಕ್ಕೆ ಸೇರಿದ್ದು ಮೂರೇ ಪ್ರಭೇದ: ಆಫ್ರಿಕಾದಲ್ಲಿ ಒಂದು, ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಒಂದು, ಏಷ್ಯಾದಲ್ಲಿ ಇದೊಂದು.

ಇದರ ಸ್ವಭಾವ ಅಡಗಿ ಕೂರೋದು. ದೋಣಿಯ ಸದ್ದು ಕೇಳಿದರೆ ದಡದ ಪೊದೆ ಸೇರಿಬಿಡುತ್ತೆ. ಗೂಡು ಕಟ್ಟೋದು ಮಳೆಗಾಲದಲ್ಲಿ, ಕಿರಿದಾದ ತೊರೆಯ ಮೇಲೆ ಬಾಗಿದ ಕೊಂಬೆಗಳಲ್ಲಿ. ಸುಂದರಬನಕ್ಕೆ ಹೆಸರು ಕೊಟ್ಟಿದೆ ಎನ್ನಲಾಗುವ ಸುಂದರಿ ಮರ ಅದರ ಮುಖ್ಯ ಆಸರೆಗಳಲ್ಲೊಂದು.

ಒಂದು ಕಾಲಕ್ಕೆ ಈ ಹಕ್ಕಿ ಅಸ್ಸಾಮಿನಿಂದ ಮ್ಯಾನ್ಮಾರ್, ಥಾಯ್ಲೆಂಡ್, ಮಲೇಷ್ಯಾ, ಸುಮಾತ್ರಾವರೆಗೂ ಕಾಣಿಸುತ್ತಿತ್ತು. ಈಗ ಮರಿ ಮಾಡುವುದು ಖಚಿತವಾಗಿ ಗೊತ್ತಿರುವ ನೆಲೆಗಳು ಬಾಂಗ್ಲಾದೇಶ ಮತ್ತು ಕಾಂಬೋಡಿಯಾದಲ್ಲಿ ಮಾತ್ರ. ಬಾಂಗ್ಲಾದೇಶದ ಪಕ್ಷಿತಜ್ಞ ಸಾಯಂ ಚೌಧುರಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು: ಜಗತ್ತಿನಲ್ಲಿ ಉಳಿದಿರುವುದು 108ರಿಂದ 304 ಹಕ್ಕಿಗಳು. ಮರುವರ್ಷ ಐಯುಸಿಎನ್ ಇದನ್ನು 'ತೀವ್ರ ಅಪಾಯದಲ್ಲಿರುವ' ಪಟ್ಟಿಗೆ ಸೇರಿಸಿತು.

ಈ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ. ಬಾಂಗ್ಲಾದೇಶದ ಸುಂದರಬನದಲ್ಲಿ 125 ಹುಲಿಗಳಿವೆ ಅಂತ 2024ರಲ್ಲಿ ಪ್ರಕಟವಾದ ಗಣತಿ ಹೇಳಿತು. ಅಂದರೆ ಕೆಳಗಿನ ಅಂದಾಜೇ ನಿಜವಾದರೆ, ಇಡೀ ಭೂಮಿಯ ಮೇಲಿರುವ ಈ ಹಕ್ಕಿಗಳಿಗಿಂತ ಆ ಒಂದು ಕಾಡಿನ ಹುಲಿಗಳೇ ಜಾಸ್ತಿ! ಹುಲಿಗೆ ಪೋಸ್ಟರ್ ಇದೆ, ಬಜೆಟ್ ಇದೆ, ಕ್ರಿಕೆಟ್ ತಂಡದ ಲಾಂಛನದಲ್ಲೂ ಜಾಗ ಇದೆ. ಫಿನ್‌ಫೂಟ್‌ಗೆ ಇರೋದು ನಾಲ್ಕಾರು ಸಂಶೋಧಕರು.

ಉಪ್ಪಿನ ಲೆಕ್ಕ

ಸುಂದರಬನ ಎರಡೂ ದೇಶ ಸೇರಿ ಸುಮಾರು 10,000 ಚದರ ಕಿಲೋಮೀಟರ್. ಸುಮಾರು 60 ಪರ್ಸೆಂಟ್ ಬಾಂಗ್ಲಾದೇಶದಲ್ಲಿ, ಉಳಿದದ್ದು ಪಶ್ಚಿಮ ಬಂಗಾಳದಲ್ಲಿ. ಹೊರಗಿನಿಂದ ನೋಡಿದವರಿಗೆ ಅದೆಲ್ಲ ಒಂದೇ ಕಾಡು. ಆದರೆ ಒಳಗೆ ನೀರಿನ ರುಚಿ ಬೇರೆ ಬೇರೆ. ಪೂರ್ವದ ಭಾಗಕ್ಕೆ ಸಿಹಿನೀರು ಇನ್ನೂ ಬರುತ್ತೆ, ಪಶ್ಚಿಮಕ್ಕೆ ಹೋದಷ್ಟೂ ಉಪ್ಪು ಹೆಚ್ಚು. ಸುಂದರಿ ಮರಕ್ಕೆ ಉಪ್ಪು ಕಮ್ಮಿ ಇರೋ ನೀರೇ ಬೇಕು. ಫಿನ್‌ಫೂಟ್ ಗೂಡುಗಳು ಹೆಚ್ಚಾಗಿ ಸಿಕ್ಕಿರೋದೂ ಆ ಪೂರ್ವ ಭಾಗದಲ್ಲೇ. ಭಾರತದ ಕಡೆ ಈ ಹಕ್ಕಿ ಕಾಣುವುದು ತೀರಾ ಅಪರೂಪ.

ಆ ಸಿಹಿನೀರು ಬರೋ ದಾರಿ ಹೀಗಿದೆ. ಫರಕ್ಕಾ ದಾಟಿದ ಗಂಗೆ ಬಾಂಗ್ಲಾದೇಶದಲ್ಲಿ ಪದ್ಮಾ ಆಗುತ್ತೆ. ಪದ್ಮಾದಿಂದ ಗೊರಾಯ್ ಅನ್ನೋ ಕವಲು ದಕ್ಷಿಣಕ್ಕೆ ಒಡೆಯುತ್ತೆ. ಅದೇ ಗೊರಾಯ್ ಮುಂದೆ ಮಧುಮತಿ, ಇನ್ನೂ ಮುಂದೆ ಬಾಲೇಶ್ವರ್ ಆಗಿ ಸುಂದರಬನದ ಪೂರ್ವದ ಅಂಚಿನಲ್ಲಿ ಸಮುದ್ರ ಸೇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫರಕ್ಕಾ ತಲೆಬಾಗಿಲು, ಪದ್ಮಾ ಮೇನ್ ಕೆನಾಲು, ಗೊರಾಯ್ ವಿತರಣಾ ಕಾಲುವೆ, ಸುಂದರಬನದ ತೊರೆಗಳು ಹೊಲಗಾಲುವೆ.

1975ರಲ್ಲಿ ಫರಕ್ಕಾ ಬ್ಯಾರೇಜ್ ಶುರುವಾಯ್ತು. ಉದ್ದೇಶ ಕೋಲ್ಕತ್ತಾ ಬಂದರಿನ ಹೂಳು ತೊಳೆಯೋದು, ಅದಕ್ಕಾಗಿ 40,000 ಕ್ಯೂಸೆಕ್‌ವರೆಗೆ ನೀರನ್ನು ಹೂಗ್ಲಿ ಕಡೆ ತಿರುಗಿಸೋದು. ಬೇಸಿಗೆಯಲ್ಲಿ ಪದ್ಮಾ ಬಡವಾದಾಗ ಗೊರಾಯ್ ಬಾಯಿಗೆ ಮರಳು, ಹೂಳು ತುಂಬಿಕೊಳ್ಳುತ್ತೆ. ಬಾಯಿ ಕಟ್ಟಿದರೆ ಕೆಳಗೆ ಏನು ಹರಿಯುತ್ತೆ? ಸಿಹಿನೀರು ಹಿಂದೆ ಸರಿದಷ್ಟೂ ಉಪ್ಪುನೀರು ಮುಂದೆ ಬರುತ್ತೆ. ಸುಂದರಿ ಮರಗಳು ತುದಿಯಿಂದ ಒಣಗುತ್ತಾ ಸಾಯುವ ರೋಗಕ್ಕೆ ಅಲ್ಲಿನವರು 'ಆಗಾಮರಾ' ಅಂತಾರೆ. ಉಪ್ಪು ಹೆಚ್ಚಾಗಿರುವುದು ಅದರ ಕಾರಣಗಳಲ್ಲೊಂದು ಅಂತ ತಜ್ಞರು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಸಮುದ್ರಮಟ್ಟ ಏರ್ತಾ ಇರೋ ಈ ಕಾಲದಲ್ಲಿ ಆ ಉಪ್ಪು ಇನ್ನೂ ಒಳಕ್ಕೆ ಬರುತ್ತೆ, ಅದನ್ನು ತಡೆಯೋಕೆ ಮೇಲಿಂದ ಬರುವ ನೀರೇ ಗತಿ.

ಒಪ್ಪಂದದಲ್ಲಿ ಏನಿದೆ, ಏನಿಲ್ಲ

1996ರ ಒಪ್ಪಂದ ಜನವರಿ 1ರಿಂದ ಮೇ 31ರವರೆಗಿನ ನೀರಿಗೆ ಸಂಬಂಧಿಸಿದ್ದು. ಹತ್ತು ಹತ್ತು ದಿನದ ಕಂತಿನಲ್ಲಿ ಲೆಕ್ಕ. ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅರ್ಧ ಅರ್ಧ. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಮೇಲಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಮಾರ್ಚ್ 11ರಿಂದ ಮೇ 10ರ ಕಡುಬೇಸಿಗೆಯಲ್ಲಿ ಒಂದು ಕಂತು ಬಿಟ್ಟು ಒಂದು ಕಂತಿನಲ್ಲಿ ತಲಾ 35,000 ಕ್ಯೂಸೆಕ್ ಗ್ಯಾರಂಟಿ. ಹರಿವು 50,000ಕ್ಕಿಂತ ಕೆಳಗಿಳಿದರೆ ಎರಡೂ ಸರ್ಕಾರ ಕೂಡಲೇ ಕೂತು ಮಾತಾಡಬೇಕು.

ಆ ಕಾಲಕ್ಕೆ ಇದು ಸಣ್ಣ ಸಾಧನೆ ಆಗಿರಲಿಲ್ಲ. ಇಪ್ಪತ್ತು ವರ್ಷ ಎಳೆದಾಡಿದ ಜಗಳವನ್ನು, ಅಲ್ಪಾಯುಷಿ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದ ಸಂಯುಕ್ತ ರಂಗ ಸರ್ಕಾರ ಬಗೆಹರಿಸಿತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಮತ್ತು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅದರ ಹಿಂದೆ ನಿಂತಿದ್ದರು. ನೀರಾವರಿ ರಾಜಕಾರಣದಲ್ಲೇ ಪಳಗಿದ್ದ ದೇವೇಗೌಡರಿಗೆ ಕ್ಯೂಸೆಕ್ ಲೆಕ್ಕ ಯಾರೂ ಕಲಿಸಬೇಕಿರಲಿಲ್ಲ.

ಆದರೆ ಆ ಲೆಕ್ಕದ ಪಟ್ಟಿಯಲ್ಲಿ ಇರೋದು ಎರಡೇ ಕಾಲಂ: ಭಾರತದ ಪಾಲು, ಬಾಂಗ್ಲಾದೇಶದ ಪಾಲು. ನದಿಗೆ ಅಂತ, ಕಾಡಿಗೆ ಅಂತ ಮೂರನೇ ಕಾಲಂ ಇಲ್ಲ. ಅಳತೆ ಇರೋದು ತಲೆಬಾಗಿಲಲ್ಲಿ ಮತ್ತು ಗಡಿ ದಾಟಿದ ಮೇಲೆ ಹಾರ್ಡಿಂಜ್ ಸೇತುವೆಯ ಹತ್ತಿರ. ಗೊರಾಯ್ ಬಾಯಲ್ಲಿ ಎಷ್ಟು ನೀರು ಹೋಯ್ತು, ಸುಂದರಬನದಲ್ಲಿ ಉಪ್ಪು ಎಷ್ಟಾಯ್ತು ಅನ್ನೋದರ ಮೇಲೆ ಹಂಚಿಕೆ ನಿಂತಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಈ ಕಥೆ ಗೊತ್ತು. ಜಲಾಶಯದಿಂದ ಇಷ್ಟು ಕ್ಯೂಸೆಕ್ ಬಿಟ್ಟಿದ್ದೇವೆ ಅಂತ ಅಧಿಕಾರಿಗಳು ಹೇಳ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಕೊನೆ ಭಾಗದಲ್ಲಿ ಗೇಜ್ ಏರಲ್ಲ. ಜೋಳ, ಹತ್ತಿಯಂಥ ಕಮ್ಮಿ ನೀರಿನ ಬೆಳೆಗೆ ಅಂತ ಯೋಜಿಸಿದ ಅಚ್ಚುಕಟ್ಟಿನಲ್ಲಿ ಮೇಲ್ಭಾಗ ಪೂರ್ತಿ ಭತ್ತಕ್ಕೆ ತಿರುಗಿದೆ. ಅದಕ್ಕೇ ಇಲ್ಲಿನ ಹೋರಾಟಗಳ ಬೇಡಿಕೆ ಯಾವತ್ತೂ 'ನೀರು ಬಿಡಿ' ಅನ್ನೋದಕ್ಕೆ ನಿಲ್ಲಲ್ಲ, 'ನಮ್ಮಲ್ಲಿ ಗೇಜ್ ತೋರಿಸಿ' ಅಂತ ಮುಂದುವರಿಯುತ್ತೆ. ಸಿಂಧನೂರಿಗಂತೂ ಎರಡೂ ಅನುಭವ ಇದೆ. ಮೇಲಿನ ಗಂಗಾವತಿ ಕಡೆ ಬೆರಳು ತೋರಿಸುತ್ತೆ, ಕೆಳಗಿನ ಮಾನ್ವಿ, ಸಿರವಾರದವರು ಸಿಂಧನೂರಿನ ಕಡೆ ಬೆರಳು ತೋರಿಸ್ತಾರೆ. ಮೇಲಿನವನಾಗಿ ಮರೆಯೋದು ಎಷ್ಟು ಸುಲಭ, ಕೆಳಗಿನವನಾಗಿ ಕಾಯೋದು ಎಷ್ಟು ಕಷ್ಟ ಅಂತ ಒಂದೇ ತಾಲ್ಲೂಕಿಗೆ ಗೊತ್ತಿದೆ.

ಸುಂದರಬನ ಗಂಗೆಯ ಕೊನೆ ಭಾಗ. ಫಿನ್‌ಫೂಟ್ ಅಲ್ಲಿನ ಕಟ್ಟಕಡೆಯ ನಿವಾಸಿ. ಕಾಲುವೆಯಲ್ಲಿ ಗೇಜ್ ನೋಡಿದ ಹಾಗೆ ಆ ಹಕ್ಕಿಯನ್ನು ನೋಡಬೇಕು. ಅದು ಇದ್ದರೆ ತೊರೆ ಬದುಕಿದೆ, ಸುಂದರಿ ಬದುಕಿದೆ, ಏಡಿ ಮೀನು ಇದೆ, ಅವನ್ನು ನಂಬಿದ ಜನರ ಹೊಟ್ಟೆಗೂ ಇದೆ ಅಂತ ಅರ್ಥ.

ಹಾಗಾದ್ರೆ ಮೀನುಗಾರನೇ ವಿಲನ್ನಾ?

ನೀರೊಂದೇ ಕಾರಣ ಅಂತ ಹೇಳಿದರೆ ಅದು ಅರ್ಧ ಸತ್ಯ. ಫಿನ್‌ಫೂಟ್‌ಗೆ ಇವತ್ತಿನ ನೇರ ಅಪಾಯ ಮನುಷ್ಯರಿಂದಲೇ. ತೊರೆಗಳ ಒಳಗೆ ಬಲೆ ಹಾಕಲು ಹೋಗುವ ಮೀನುಗಾರರು ಮೊಟ್ಟೆ, ಮರಿ ತೆಗೆಯೋದು, ಹಕ್ಕಿ ಹಿಡಿಯೋದು ಅಧ್ಯಯನಗಳಲ್ಲಿ ದಾಖಲಾಗಿದೆ. ತೊರೆಗೆ ಕೀಟನಾಶಕ ಸುರಿದು ಮೀನು ಹಿಡಿಯುವ ದಂಧೆಯೂ ಇದೆ, ಅದು ಹಕ್ಕಿಯ ಊಟವನ್ನೇ ವಿಷ ಮಾಡುತ್ತೆ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಅದೇ ಕಾಡಿನ ಶೇಲಾ ನದಿಯಲ್ಲಿ 2014ರ ಡಿಸೆಂಬರ್ 9ರಂದು ಟ್ಯಾಂಕರ್ ಮುಳುಗಿ ಸುಮಾರು 3.5 ಲಕ್ಷ ಲೀಟರ್ ಫರ್ನೇಸ್ ಎಣ್ಣೆ ಹರಿಯಿತು. ಅದನ್ನು ಬರಿಗೈಯಲ್ಲಿ, ಸ್ಪಂಜು ಮತ್ತು ಪಾತ್ರೆಗಳಲ್ಲಿ ಬಳಿದು ತೆಗೆದವರು ಯಾರು? ಅದೇ ದಡದ ಹಳ್ಳಿಗರು, ಅವರ ಮಕ್ಕಳು. ಕಾಡಿನಿಂದ ಸುಮಾರು 14 ಕಿಲೋಮೀಟರ್ ದೂರದ ರಾಮ್‌ಪಾಲ್‌ನಲ್ಲಿ 1,320 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಿದ್ದು ಯಾರು? ನಮ್ಮ ಎನ್‌ಟಿಪಿಸಿ ಮತ್ತು ಬಾಂಗ್ಲಾದೇಶದ ವಿದ್ಯುತ್ ಮಂಡಳಿ, ಜಂಟಿಯಾಗಿ. ಮೊಟ್ಟೆ ಕದ್ದವನ ಮೇಲೆ ಕೇಸು ಹಾಕೋದು ಸುಲಭ. ಕಲ್ಲಿದ್ದಲು ಹಡಗು ಓಡಿಸುವವರ ಮೇಲೆ ಹಾಕುವವರು ಯಾರು?

ಬಡವರನ್ನು ಕಾಡಿನ ಶತ್ರು ಮಾಡಿದ ಇತಿಹಾಸ ಸುಂದರಬನಕ್ಕೆ ಹೊಸದಲ್ಲ. ಆ ಇತಿಹಾಸದ ಒಂದು ಕೊಂಡಿ ಸಿಂಧನೂರಿನವರೆಗೂ ಚಾಚಿದೆ.

ಮರಿಚ್‌ಜಾಪಿಯಿಂದ ಆರ್.ಎಚ್. ಕ್ಯಾಂಪ್‌ವರೆಗೆ

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ನಿರಾಶ್ರಿತರನ್ನು ಕೇಂದ್ರ ಸರ್ಕಾರ ದೇಶದ ಬೇರೆ ಬೇರೆ ಕಡೆ ಹಂಚಿತು. ಹೆಚ್ಚು ಜನ ಹೋಗಿದ್ದು ದಂಡಕಾರಣ್ಯಕ್ಕೆ. ಒಂದಷ್ಟು ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನಲ್ಲಿ ಜಮೀನು ಕೊಟ್ಟು ಕ್ಯಾಂಪ್ ಮಾಡಲಾಯ್ತು. ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. ಊರಿಗೆ ಹೆಸರಿಲ್ಲ, ನಂಬರ್ ಇದೆ. ಇಲ್ಲಿನವರಲ್ಲಿ ಅನೇಕರು ನಾಮಶೂದ್ರರು. ಆ ಸಮುದಾಯದ ಮೂಲ ನೆಲೆ ಖುಲ್ನಾ, ಜೆಸ್ಸೋರ್, ಫರೀದ್‌ಪುರ, ಬಾರಿಸಾಲ್. ಅಂದ್ರೆ ಗೊರಾಯ್, ಮಧುಮತಿ, ಬಾಲೇಶ್ವರ್ ಹರಿಯುವ ಸೀಮೆ. ಜೌಗು ನೆಲದಲ್ಲಿ ಭತ್ತ ಬೆಳೆಯೋದು, ದೋಣಿ ನಡೆಸೋದು, ಮೀನು ಹಿಡಿಯೋದು ಅವರ ಕಸುಬು. ತುಂಗಭದ್ರೆಯ ಕಾಲುವೆ ನೀರು ಬಂದ ಎರೆಭೂಮಿಯಲ್ಲಿ ಅವರು ಮತ್ತೆ ಭತ್ತ ಬೆಳೆದರು, ಕೆರೆ ತೋಡಿ ಮೀನು ಸಾಕಿದರು.

ದಂಡಕಾರಣ್ಯದ ಕಲ್ಲುನೆಲದಲ್ಲಿ ಹೊಂದಿಕೊಳ್ಳಲಾಗದ ಸಾವಿರಾರು ಜನ 1978ರಲ್ಲಿ ಸುಂದರಬನದ ಮರಿಚ್‌ಜಾಪಿ ದ್ವೀಪಕ್ಕೆ ಹೋಗಿ ನೆಲೆ ನಿಂತರು. ತಾವೇ ಶಾಲೆ ಕಟ್ಟಿಕೊಂಡರು, ಮೀನುಗಾರಿಕೆ ಶುರು ಮಾಡಿದರು. ಇದು ಮೀಸಲು ಅರಣ್ಯ, ಇಲ್ಲಿ ಜನ ಇರಕೂಡದು ಅಂತ ಎಡರಂಗ ಸರ್ಕಾರ ಹೇಳಿತು. 1979ರ ಜನವರಿಯಲ್ಲಿ ದ್ವೀಪಕ್ಕೆ ದಿಗ್ಬಂಧನ ಹಾಕಿತು, ಪೊಲೀಸರು ಗುಂಡು ಹಾರಿಸಿದರು, ಮೇ ತಿಂಗಳಲ್ಲಿ ಗುಡಿಸಲುಗಳನ್ನು ಸುಟ್ಟು ಎಲ್ಲರನ್ನೂ ಹೊರಹಾಕಿದರು. ಎಷ್ಟು ಜನ ಸತ್ತರು ಅನ್ನೋದು ಇಂದಿಗೂ ವಿವಾದ. ವಿಪರ್ಯಾಸ ಏನಂದ್ರೆ, 1996ರ ನೀರಿನ ಒಪ್ಪಂದಕ್ಕೆ ಬಲವಾಗಿ ನಿಂತ ಜ್ಯೋತಿ ಬಸು ಅವರೇ ಆಗಲೂ ಮುಖ್ಯಮಂತ್ರಿ.

ಕಾಡು ಉಳಿಸಬೇಕು ಅಂತ ಜನರನ್ನು ಓಡಿಸಿದ್ದಾಯ್ತು. ಅದಾದ ಮೇಲೆ ಕಾಡು ಉಳೀತಾ? ಉಪ್ಪು ನಿಲ್ಲಲಿಲ್ಲ, ಹಡಗು ನಿಲ್ಲಲಿಲ್ಲ, ಕಲ್ಲಿದ್ದಲು ನಿಲ್ಲಲಿಲ್ಲ. ಹುಲಿಯ ಹೆಸರಿನಲ್ಲಿ ನಡೆದದ್ದು ನಾಳೆ ಫಿನ್‌ಫೂಟ್ ಹೆಸರಿನಲ್ಲೂ ನಡೆಯಬಹುದು. ಹಕ್ಕಿಯ ಪರ ಮಾತಾಡುವ ನಾವು ಈ ಎಚ್ಚರ ಇಟ್ಟುಕೊಂಡೇ ಮಾತಾಡಬೇಕು.

ಇನ್ನು ಆರ್.ಎಚ್. ಕ್ಯಾಂಪ್‌ನವರ ಕಥೆ. ಸರ್ಕಾರವೇ ತಂದು ಕೂರಿಸಿದ ಜನರ ನಡುವೆಯೂ ಪೌರತ್ವದ ಕಾಗದ ಇಲ್ಲದವರು ದಶಕಗಟ್ಟಲೆ ಕಾದರು. ಸಿಎಎ ನಿಯಮಗಳು ಬಂದಿದ್ದು 2024ರ ಮಾರ್ಚ್ 11ಕ್ಕೆ. ಅದಾದ ಮೇಲೆ ಕ್ಯಾಂಪಿನ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಧರ್ಮ ನೋಡಿ ಪೌರತ್ವ ಕೊಡುವ ಕಾನೂನನ್ನು ವಿರೋಧಿಸುತ್ತಲೇ, ಇಷ್ಟು ವರ್ಷ ಇವರನ್ನು ಅತಂತ್ರವಾಗಿ ಇಟ್ಟ ಎಲ್ಲಾ ಸರ್ಕಾರಗಳನ್ನೂ ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಬಂಗಾಳಿ ಮಾತಾಡಿದರೆ ಸಾಕು 'ಬಾಂಗ್ಲಾದೇಶಿ' ಅಂತ ಬೈಗುಳ ಎಸೆಯುವ ಈ ಕಾಲದಲ್ಲಿ ಅದು ಇನ್ನೂ ಮುಖ್ಯ.

ಮೇಜಿನ ಸುತ್ತ ಯಾರಿರಬೇಕು?

2024ರ ಜೂನ್‌ನಲ್ಲಿ ಶೇಖ್ ಹಸೀನಾ ದೆಹಲಿಗೆ ಬಂದಾಗ ಒಪ್ಪಂದದ ನವೀಕರಣಕ್ಕೆ ತಾಂತ್ರಿಕ ಮಾತುಕತೆ ಶುರು ಮಾಡೋದಾಗಿ ಎರಡೂ ಕಡೆ ಘೋಷಿಸಿದವು. ನಮ್ಮನ್ನು ಕೇಳದೆ ಹೇಗೆ ಅಂತ ಮಮತಾ ಬ್ಯಾನರ್ಜಿ ಪ್ರಧಾನಿಗೆ ಪತ್ರ ಬರೆದರು. ಆಗಸ್ಟ್‌ನಲ್ಲಿ ಹಸೀನಾ ಸರ್ಕಾರವೇ ಬಿತ್ತು, ಎರಡು ದೇಶಗಳ ಸಂಬಂಧ ಹಳಸಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಅಂದಿನಿಂದ 'ನೀರು ನಿಲ್ಲಿಸಿಬಿಡಿ' ಅನ್ನೋದು ಟಿವಿ ಸ್ಟುಡಿಯೊಗಳ ನೆಚ್ಚಿನ ಡೈಲಾಗ್ ಆಗಿದೆ. ಬಾಂಗ್ಲಾದೇಶ ಅದೇ ವರ್ಷ ವಿಶ್ವಸಂಸ್ಥೆಯ ಜಲ ಒಡಂಬಡಿಕೆಗೆ ಸೇರಿತು. ದಕ್ಷಿಣ ಏಷ್ಯಾದಲ್ಲಿ ಸೇರಿದ ಮೊದಲ ದೇಶ ಅದು.

ಹೊಸ ಒಪ್ಪಂದ ಬರಲೇಬೇಕು. ಅದರಲ್ಲಿ ಮೂರು ವಿಷಯ ಇರಲೇಬೇಕು ಅಂತ ನಾವು ಕೇಳಬಹುದು.

ಒಂದು, ಹಂಚಿಕೆಗೂ ಮುಂಚೆ ನದಿಯ ಪಾಲು ಎತ್ತಿಡಬೇಕು. ಬೇಸಿಗೆಯಲ್ಲಿ ಗೊರಾಯ್ ಬಾಯಿ ತೆರೆದಿರುವಷ್ಟು ನೀರು ಮೊದಲು, ಭಾರತ-ಬಾಂಗ್ಲಾದೇಶದ ಲೆಕ್ಕ ಆಮೇಲೆ.

ಎರಡು, ಅಳತೆ ಕೊನೆ ಭಾಗದಲ್ಲೂ ಆಗಬೇಕು. ಸುಂದರಬನದ ಎರಡೂ ಕಡೆ ಉಪ್ಪಿನ ಪ್ರಮಾಣವನ್ನು ಜಂಟಿಯಾಗಿ ಅಳೆದು, ಆ ಅಂಕಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಗೇಜ್ ಗುಟ್ಟಾಗಿದ್ದರೆ ಕೊನೆಯವನಿಗೆ ಯಾವತ್ತೂ ನ್ಯಾಯ ಸಿಗಲ್ಲ.

ಮೂರು, ಅಲ್ಲಿನ ಜನರನ್ನು ಕಾವಲುಗಾರರನ್ನಾಗಿ ಮಾಡಬೇಕು, ಸಂಬಳ ಕೊಟ್ಟು. ಬಾಂಗ್ಲಾದೇಶ ಇತ್ತೀಚಿನ ವರ್ಷಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸುಂದರಬನಕ್ಕೆ ಮೀನುಗಾರರು ಮತ್ತು ಪ್ರವಾಸಿಗರ ಪ್ರವೇಶ ನಿಲ್ಲಿಸುತ್ತಿದೆ. ಫಿನ್‌ಫೂಟ್ ಮರಿ ಮಾಡುವ ಕಾಲವೂ ಹೆಚ್ಚುಕಮ್ಮಿ ಅದೇ, ಹಾಗಾಗಿ ಹಕ್ಕಿಗೆ ಒಳ್ಳೆಯದೇ. ಆದರೆ ಮೂರು ತಿಂಗಳು ಬಲೆ ಹಾಕದ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು? ಆ ಮೂರು ತಿಂಗಳ ಕೂಲಿಯನ್ನು ಗೂಡು ಕಾಯುವ ಕೆಲಸಕ್ಕೆ ಕೊಟ್ಟರೆ, ಗೂಡು ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿರುವವನೇ ಅದನ್ನು ಕಾಯ್ತಾನೆ.

ಇದೆಲ್ಲ ದೂರದ ಮಾತು ಅನಿಸಿದರೆ ತುಂಗಭದ್ರೆಯನ್ನೇ ನೋಡಿ. ಅಣೆಕಟ್ಟಿನ ಕೆಳಗೆ, ಹಂಪಿ-ಕಂಪ್ಲಿ ಕಡೆಯ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಲಾಯ್ತು. ದೇಶದಲ್ಲೇ ಮೊದಲನೆಯದು. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಉಸಿರು ಬಿಗಿಹಿಡಿದು ನೋಡಿತು. ರೈತರ ನೀರಿನ ಚರ್ಚೆ ನಡೆಯಿತು, ನಡೆಯಲೇಬೇಕಿತ್ತು. ಆ ನದಿಯ ನೀರುನಾಯಿಗಳ ಬಗ್ಗೆ ಕೇಳಿದವರು ಎಷ್ಟು ಜನ? ನದಿಗೂ ಒಂದು ಪಾಲು ಅನ್ನೋ ಮಾತು ನಮ್ಮ ಮನೆಯಲ್ಲೇ ಇನ್ನೂ ಶುರುವಾಗಿಲ್ಲ.

ಕರ್ನಾಟಕದಿಂದ 28 ಲೋಕಸಭಾ ಸದಸ್ಯರಿದ್ದಾರೆ. ಕಾವೇರಿ, ಕೃಷ್ಣಾ, ಮಹದಾಯಿ ಅಂದಾಗ ಅವರೆಲ್ಲ ಎದ್ದು ನಿಲ್ಲಬೇಕು ಅಂತ ನಾವು ಒತ್ತಾಯಿಸುತ್ತೇವೆ. ಕನ್ನಡಿಗ ಪ್ರಧಾನಿಯೊಬ್ಬರು ಸಹಿ ಹಾಕಿದ ಒಪ್ಪಂದ ಮುಗಿಯುವಾಗ ಅವರಲ್ಲಿ ಒಬ್ಬರಾದರೂ ಸಂಸತ್ತಿನಲ್ಲಿ ಕೇಳಲಿ: ಹೊಸ ಪಟ್ಟಿಯಲ್ಲಿ ಮೂರನೇ ಕಾಲಂ ಇದೆಯಾ? ಆ ಪ್ರಶ್ನೆ ಬರೆದು ಕಳಿಸೋಕೆ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಸಿಂಧನೂರಿಗಿಂತ ಸರಿಯಾದ ಊರು ಇನ್ನೊಂದಿಲ್ಲ. ಮಧುಮತಿಯ ದಡ ಬಿಟ್ಟು ಬಂದವರೂ, ತುಂಗಭದ್ರೆಯ ಗೇಜ್‌ಗಾಗಿ ರಸ್ತೆಗಿಳಿದವರೂ ಒಂದೇ ಸಂತೆಗೆ ಬರುವ ಊರು ಅದು.